ಐವತ್ತು ಕೆಬಿಯೊಳಗೊಂದು ಮುಖ

ಬೆಳಗಿನ ಆರು ಗಂಟೆ. ಬೀದಿ ಇನ್ನೂ ಆಕಳಿಸುತ್ತಿದೆ. ಅರ್ಜಿ ತುಂಬುವ ಅಂಗಡಿಯ ಶಟರ್ ಮಾತ್ರ ಅರ್ಧ ಮೇಲೆದ್ದಿದೆ. ಈ ಹೊತ್ತಿಗೆ ವೆಬ್‌ಸೈಟ್‌ಗಳು ಚುರುಕು. ಒಳಗೆ ಎಲ್ಲರ ಬಾಯಲ್ಲೂ ‘ಕೆಬಿ ಅಕ್ಕ’ ಆಗಿರುವ ಹೆಂಗಸು ಪರದೆಗೆ ಮೂಗು ತಾಗುವಷ್ಟು ಬಾಗಿ, ಒಬ್ಬ ನರ್ಸಿನ ಫೋಟೊದ ಗಾತ್ರ ಇಳಿಸುತ್ತಿದ್ದಾರೆ. ನಾಲ್ಕು ಎಂಬಿಯ ಚಿತ್ರ ಐವತ್ತು ಕೆಬಿಯೊಳಗೆ ಬರದಿದ್ದರೆ ಅರ್ಜಿ ಮುಂದೆ ಹೋಗುವುದಿಲ್ಲ.

“ಎಲ್ರೂ ಸೀದಾ ಕ್ವಾಲಿಟಿಗೇ ಕೈ ಹಾಕ್ತಾರೆ, ಮುಖ ಕಲಸಿಹೋಗುತ್ತೆ. ಮೊದ್ಲು ಹಿಂದಿನ ಗೋಡೆ ಕತ್ತರಿಸ್ಬೇಕು, ಆಮೇಲೆ ಉದ್ದಗಲ ಇಳಿಸ್ಬೇಕು. ಕ್ವಾಲಿಟಿ ಕೊನೇಗೆ, ಚೂರುಚೂರೇ. ರೆಪ್ಪೆಕೂದ್ಲು ಮಸುಕಾಯ್ತಾ, ಒಂದು ಹೆಜ್ಜೆ ಹಿಂದಕ್ಕೆ.”

ನಲವತ್ತೊಂಬತ್ತು ಕೆಬಿ. ನರ್ಸಿನ ರೆಪ್ಪೆಗಳನ್ನು ಎಣಿಸಬಹುದು!

ದಿನಕ್ಕೆ ಅರವತ್ತು ಮುಖ, ಹನ್ನೊಂದು ವರ್ಷ. ನನ್ನ ಎರಡು ಅರ್ಜಿಗಳೂ ಈ ಕೈಯಿಂದಲೇ ದಾಟಿದವು. ಥ್ಯಾಂಕ್ಸ್ ಅಂದ ನೆನಪು ನನಗಿಲ್ಲ. ಈಗ ನಮ್ಮ ಪತ್ರಿಕೆಯ ಪುರವಣಿಯಲ್ಲಿ ಹೊಗಳಲು ಹೊರಟರೆ ಅಕ್ಕ ಮುಖ ತಿರುಗಿಸುತ್ತಾರೆ.

“ಬೇಡಿ ಸಾರ್. ನಾಚಿಕೆಯಾಗುತ್ತೆ.”

ನಾಲ್ಕು ವರ್ಷದ ಹಿಂದೆ ಎದುರಂಗಡಿಯ ಟೈಲರ್, ಹೆಂಡತಿಯ ಅರ್ಜಿಗೆಂದು ತಮ್ಮ ಫೋನ್ ಕೊಟ್ಟಿದ್ದರು. ಜನ ಸಾಲುಗಟ್ಟಿದ್ದರು. ಅಕ್ಕ ಫೋನಿನಲ್ಲಿದ್ದ ಚಿತ್ರವನ್ನೇ ತೆರೆದು ಇಪ್ಪತ್ತು ಕೆಬಿಗೆ ಇಳಿಸಿ, ಅದರ ಮೇಲೆಯೇ ಸೇವ್ ಒತ್ತಿಬಿಟ್ಟರು. ಮೂಲ ಚಿತ್ರ ಹೋಯಿತು. ಕ್ಯಾಮೆರಾ ಕಂಡರೆ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದ ಆಕೆಯದು ಇದ್ದದ್ದೇ ಅದೊಂದು ಫೋಟೊ. ಹೋದ ವರ್ಷ ಆಕೆ ತೀರಿಕೊಂಡರು. ಗೋಡೆಗೆ ಹಾಕಲು ದೊಡ್ಡದು ಮಾಡಿಕೊಡು ಎಂದು ಟೈಲರ್ ಬಂದರು. ದೊಡ್ಡದು ಮಾಡಿದರೆ ಮುಖವೇ ಇಲ್ಲ, ಬರೀ ಚೌಕಗಳು.

“‘ನನ್ನ ಫೋನೇ ದರಿದ್ರದ್ದು ಕಣಮ್ಮ, ನೀನೇನ್ ಮಾಡ್ತೀಯ’ ಅಂದ್ರು ಟೈಲರಣ್ಣ. ನಾನು ಹೂಂ ಅಂದ್ಬಿಟ್ಟೆ! ತಪ್ಪು ಮಾಡಿದ್ದಕ್ಕಿಂತ ಆ ಹೂಂ ಅಂದಿದ್ದು ಸುಡುತ್ತೆ ಸಾರ್.”

ಈಗ ಯಾರ ಫೋಟೊ ಬಂದರೂ ಮೊದಲು ಪ್ರತಿ ತೆಗೆದಿಟ್ಟೇ ಮುಟ್ಟುವುದು. “ಊರು ಕೊಳ್ಳೆ ಹೋದ್ಮೇಲೆ ಕೋಟೆ ಬಾಗ್ಲು ಹಾಕಿದ್ರಂತೆ, ಹಂಗಾಯ್ತು ನನ್ ಬುದ್ಧಿ.”

ಎದುರಿಗೆ ಹೊಲಿಗೆ ಯಂತ್ರ ಶುರುವಾಗುತ್ತದೆ. “ಟೀ ಆಯ್ತೇನಮ್ಮ?” ಟೈಲರ್ ಕೂಗುತ್ತಾರೆ. ಅಕ್ಕ ಕೀಬೋರ್ಡ್ ಒರೆಸತೊಡಗುತ್ತಾರೆ.

ಪುರವಣಿಗೆಂದು ನಾನು ಕ್ಯಾಮೆರಾ ಎತ್ತಿದರೆ ಕೈ ಅಡ್ಡ ಹಿಡಿಯುತ್ತಾರೆ.

“ನನ್ ಫೋಟೊ ಬೇಡ. ಟೈಲರಣ್ಣ ನಿಮ್ಮ ಪುರವಣೀನ ಒಂದಕ್ಷರ ಬಿಡದೆ ಓದ್ತಾರೆ. ಎದುರಿಗೆ ನಿಂತು ಹೇಳೋಕೆ ನಾಲಿಗೆ ಏಳ್ತಿಲ್ಲ, ನೀವೇ ಬರೀರಿ: ಕೆಟ್ಟಿದ್ದು ಅವರ ಫೋನಲ್ಲ, ಕೆಡಿಸಿದ್ದು ನಾನು. ನಿಮ್ಮ ಪುರವಣಿ ಬರೋ ಭಾನುವಾರ ನಮಗೆ ರಜ. ಆದ್ರೂ ಶಟರ್ ಪೂರ್ತಿ ಎತ್ತಿಟ್ಟು ಕೂತಿರ್ತೀನಿ. ಬಂದು ಬಯ್ಯಲಿ.”