ಓಟಗಾರರ ಕಿವಿ ಕಾಯುವ ಬೋರಮ್ಮ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಮಾಯಸಂದ್ರದಿಂದ ತುರುವೇಕೆರೆಗೆ ಹೋಗುವ ರಸ್ತೆಯಲ್ಲಿ, ಕೆರೆಯ ಏರಿ ಮುಗಿದು ತೆಂಗಿನ ತೋಟಗಳು ಶುರುವಾಗುವ ಕಡೆ ಬೋರಮ್ಮ ಕುಕ್ಕರುಗಾಲಲ್ಲಿ ಕೂತು, ಗುಂಡಿಯೊಳಗಿನ ಸಡಿಲ ಮಣ್ಣನ್ನು ಬರಿಗೈಯಲ್ಲಿ ಬಳಿದು ಹಾಕುತ್ತಿದ್ದಾರೆ. ಪಕ್ಕದಲ್ಲಿ ಜಲ್ಲಿ ತುಂಬಿದ ಮಂಕರಿ. ಚಳಿಗೆ ಸೆರಗನ್ನು ಭುಜಕ್ಕೆ ಸುತ್ತಿಕೊಂಡಿದ್ದಾರೆ, ಕಿವಿ ಮಾತ್ರ ಮುಚ್ಚಿಲ್ಲ. ಅವರ ಬಗ್ಗೆ ಬರೆಯಲು ಬಂದಿರುವ ನನಗೆ ತಲೆ ಎತ್ತದೆಯೇ ಹೇಳುತ್ತಾರೆ: “ಇತ್ಲಾಗೆ ಬನ್ನಿ ಸ್ವಾಮಿ, ಲಾರಿ ಬತ್ತಾದೆ. ತುಂಬಿದ ಲಾರಿ.”

ನನಗೇನೂ ಕೇಳಿಸುತ್ತಿಲ್ಲ. ಆದರೂ ಬದಿಗೆ ಸರಿಯುತ್ತೇನೆ. ಇಪ್ಪತ್ತು ಎಣಿಸುವಷ್ಟರಲ್ಲಿ ಕಾಯಿ ಹೇರಿದ ಲಾರಿಯೊಂದು ಏರಿಯ ಮೇಲಿಂದ ಬಂದು, ನಮ್ಮಿಬ್ಬರ ಮೇಲೂ ಧೂಳೆರಚಿ ತಿಪಟೂರಿನ ದಿಕ್ಕಿಗೆ ಹೋಗುತ್ತದೆ.

ಬೋರಮ್ಮನಿಗೆ ಈಗ ನಲವತ್ತು. ರಸ್ತೆ ದುರಸ್ತಿಯ ಗ್ಯಾಂಗಿನ ಕೆಲಸಕ್ಕೆ ಸೇರಿ ಹನ್ನೆರಡು ವರ್ಷ. ಆರು ಕಿಲೋಮೀಟರ್ ರಸ್ತೆ ಅವರ ತಂಡದ್ದು. ನಾಲ್ಕು ಗಂಟೆಗೆ ಏಳುತ್ತಾರೆ, ಮುದ್ದೆ ಕಟ್ಟಿಕೊಂಡು ಮೂರು ಕಿಲೋಮೀಟರ್ ನಡೆದು ಬರುತ್ತಾರೆ, ಸಂಜೆಯೊಳಗೆ ಅರವತ್ತು ಎಪ್ಪತ್ತು ಮಂಕರಿ ಜಲ್ಲಿ ಹೊರುತ್ತಾರೆ. ಗಂಡನೂ ಇದೇ ಗ್ಯಾಂಗಿನಲ್ಲಿದ್ದವರು, ಕಾಮಾಲೆಯಾಗಿ ತೀರಿಕೊಂಡರು. ಮಕ್ಕಳಿಲ್ಲ. “ಇಲ್ಲ ಅಂತ ನಾನೇನು ಅಳ್ನಿಲ್ಲ. ಈರಣ್ಣ ಇದ್ದ” ಎನ್ನುತ್ತಾರೆ.

ಈರಣ್ಣ ಅವರ ತಮ್ಮ. ತಾಯಿ ಸತ್ತಾಗ ಅವನಿಗೆ ಮೂರು ವರ್ಷ, ಇವರಿಗೆ ಹದಿನಾಲ್ಕು. ಸೊಂಟದ ಮೇಲೆ ಹೊತ್ತು ಬೆಳೆಸಿದರು, ಮದುವೆಯಾಗಿ ಹೋಗುವಾಗಲೂ ಜೊತೆಗೇ ಕರೆದುಕೊಂಡು ಹೋದರು. ದೊಡ್ಡವನಾದ ಮೇಲೆ ಅವನು ತುರುವೇಕೆರೆಯ ಕೊಬ್ಬರಿ ವ್ಯಾಪಾರಿ ಶಂಭುಲಿಂಗಯ್ಯನವರಲ್ಲಿ ಕಾಯಿ ಸುಲಿಯುವ ಕೆಲಸಕ್ಕೆ ನಿಂತ. ದಿನಕ್ಕೆ ಸಾವಿರ ಕಾಯಿ. ದಿನಾ ಕೆಲಸ ಮುಟ್ಟುವ ಮೊದಲು, ಕತ್ತಲು ಹರಿಯುವ ಹೊತ್ತಿಗೆ, ಬರಿಗಾಲಲ್ಲಿ ಎಂಟು ಹತ್ತು ಮೈಲಿ ಓಡುತ್ತಿದ್ದ. ಯಾಕೆ ಓಡುತ್ತಿದ್ದ ಎಂದರೆ ಬೋರಮ್ಮನಿಗೂ ಗೊತ್ತಿಲ್ಲ. “ಕಾಲು ಸುಮ್ನಿರಲ್ಲ ಕಣಕ್ಕ ಅಂತಿದ್ದ, ಅಷ್ಟೆ.”

ಇಲ್ಲಿನ ವ್ಯಾಯಾಮ ಸಂಘವೊಂದು ಪ್ರತಿ ಜನವರಿ ಇಪ್ಪತ್ತಾರರಂದು ಮಾಯಸಂದ್ರದಿಂದ ತುರುವೇಕೆರೆಗೆ ರಸ್ತೆ ಓಟ ನಡೆಸುತ್ತದೆ. ಎಂಬತ್ತೆರಡರಲ್ಲಿ ಈರಣ್ಣ ಮೂರನೆಯವನಾಗಿ ಬಂದ, ಎಂಬತ್ತನಾಲ್ಕರಲ್ಲಿ ಮೊದಲಿಗನಾದ. ಪ್ರತಿಸಲವೂ ಬೋರಮ್ಮ ಏರಿಯ ಈ ತಿರುವಿನಲ್ಲೇ ನಿಂತು, ಗ್ಯಾಂಗಿನ ಕೆಂಪು ಬಾವುಟ ಬೀಸಿ, “ಓಡ್ಲಾ ಈರಾ, ಓಡ್ಲಾ” ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದರು. ಅಕ್ಕನ ದನಿ ಕೇಳಿದ ಕೂಡಲೇ ಅವನು ಕೈ ಎತ್ತಿ ವೇಗ ಹೆಚ್ಚಿಸುತ್ತಿದ್ದ.

ಅವನು ಗೆದ್ದ ವರ್ಷ ಶಂಭುಲಿಂಗಯ್ಯನವರು ಬೊಂಬಾಯಿಗೆ ಹೋದವರು, ಅಂಗೈ ಅಗಲದ ಒಂದು ಟೇಪ್ ರೆಕಾರ್ಡರ್ ತಂದುಕೊಟ್ಟರು. ಸೊಂಟಕ್ಕೆ ಸಿಕ್ಕಿಸಿಕೊಂಡು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡರೆ ಹಾಡು ಕೇಳಿಸುವುದು ಹಾಕಿಕೊಂಡವನೊಬ್ಬನಿಗೇ. ಈರಣ್ಣ ಮೊದಲು ಅದನ್ನು ಅಕ್ಕನ ಕಿವಿಗೆ ಹಾಕಿದ. “ಹಾಡು ತಲೆ ಒಳ್ಗೇ ಹುಟ್ದಂಗಾಯ್ತು. ಒಲೆ ಮೇಲೆ ಅನ್ನ ಉಕ್ಕಿ ಸುರೀತಾ ಇದ್ರೂ ನಂಗೆ ಗೊತ್ತಾಗ್ನಿಲ್ಲ. ಅವ ನೋಡಿ ನಕ್ಕಿದ್ದೇ ನಕ್ಕಿದ್ದು. ನಾನೂ ನಕ್ಕೆ. ಆವತ್ತೇ ನಂಗೆ ಬುದ್ಧಿ ಬರ್ಬೇಕಾಗಿತ್ತು ಕಣಪ್ಪ.”

ಎಂಬತ್ತೈದರ ಓಟದ ದಿನ ಈರಣ್ಣ ಎಲ್ಲರಿಗಿಂತ ಮುಂದಿದ್ದ. ಹಿಂದಿನವರು ಏರಿಗೆ ಇನ್ನೂ ಬಂದಿರಲಿಲ್ಲ. ಅವನ ಬೆನ್ನಿಗೇ ಒಂದು ಲಾರಿ ಬಂತು. ತೆಂಗಿನ ನಾರಿನ ಹೊರೆ, ಎರಡೂ ಬದಿಗೆ ಉಬ್ಬಿ, ರಸ್ತೆಯನ್ನೆಲ್ಲ ತುಂಬಿಕೊಂಡಿತ್ತು. ಚಾಲಕ ಬಿಡದೆ ಹಾರನ್ ಒತ್ತುತ್ತಿದ್ದ. ಈರಣ್ಣ ರಸ್ತೆಯ ನಡುವೆಯೇ ಓಡುತ್ತಿದ್ದ. ಬೋರಮ್ಮ ಬಾವುಟ ಬೀಸಿ, “ಪಕ್ಕಕ್ಕೆ ಬಾರ್ಲಾ” ಎಂದು ಕಿರುಚಿದರು.

“ಅವನು ನನ್ನ ನೋಡ್ದ. ನಕ್ಕ. ಕೈ ಎತ್ದ. ಹುರಿದುಂಬಿಸ್ತಾವ್ಳೆ ಅಂದ್ಕೊಂಡ. ನಾನು ಕೂಗಿದಷ್ಟೂ ಅವನು ಜೋರಾಗಿ ಓಡ್ದ.”

ಇದನ್ನು ಹೇಳಿ ಅವರು ಗುಂಡಿಗೆ ಜಲ್ಲಿ ಸುರಿದು ದಮ್ಮಸಿನಿಂದ ಕುಟ್ಟುತ್ತಾರೆ. ಚಾಲಕ ಲಾರಿಯನ್ನು ಆಚೆ ಎಳೆದನಂತೆ, ಆದರೆ ತಿರುವು ಇಕ್ಕಟ್ಟು, ಹೊರೆಯ ಬದಿ ಬಡಿಯಿತು. ತಿಪಟೂರಿನ ಆಸ್ಪತ್ರೆಗೆ ಒಯ್ಯುವ ದಾರಿಯಲ್ಲೇ ಈರಣ್ಣನ ಜೀವ ಹೋಯಿತು. ಅವನ ತಲೆ ಅಕ್ಕನ ತೊಡೆಯ ಮೇಲಿತ್ತು. ಸೊಂಟದಲ್ಲಿದ್ದ ಯಂತ್ರ ಒಡೆದಿರಲಿಲ್ಲ, ಹಾಡುತ್ತಲೇ ಇತ್ತು. ಅದನ್ನು ನಿಲ್ಲಿಸುವುದು ಹೇಗೆಂದು ಬೋರಮ್ಮನಿಗೆ ಗೊತ್ತಿರಲಿಲ್ಲ.

ಮುಂದಿನ ವರ್ಷ ಓಟ ನಡೆಯಲಿಲ್ಲ. ಈ ವರ್ಷ ಮತ್ತೆ ನಡೆಸಬೇಕೆಂದು ಕಳೆದ ಡಿಸೆಂಬರಿನಲ್ಲಿ ಸಂಘದ ಸಭೆ ಸೇರಿದಾಗ, ಕೆಲಸದ ಸೀರೆಯಲ್ಲೇ ಬಂದ ಬೋರಮ್ಮ ಬಾಗಿಲಲ್ಲಿ ನಿಂತು ಒಂದೇ ಮಾತು ಕೇಳಿದರು: “ಕಿವಿಗೆ ಅದನ್ನ ಹಾಕ್ಕೊಂಡು ಯಾರೂ ಓಡ್ಬಾರ್ದು ಅಂತ ಒಂದು ರೂಲ್ ಮಾಡಿ.”

ಅಷ್ಟು ಸುಲಭವಾಗಲಿಲ್ಲ. ಹಾಡು ಕೇಳಿದರೆ ದಣಿವು ತಿಳಿಯುವುದಿಲ್ಲ ಎಂದರು ಕೆಲವರು. ಓಡುವವನ ಕಿವಿ ಓಡುವವನದು, ಸಂಘಕ್ಕೇನು ಎಂದರು ಮತ್ತೆ ಕೆಲವರು. ಸಂಘದ ಕಾರ್ಯದರ್ಶಿ ಶಂಭುಲಿಂಗಯ್ಯನವರೇ. ಅವರು ತಲೆ ತಗ್ಗಿಸಿ ಕೂತೇ ಇದ್ದರು. ಕೊನೆಗೆ ಎದ್ದದ್ದು ತುರುವೇಕೆರೆಯ ವ್ಯಾಯಾಮ ಶಿಕ್ಷಕಿ ಸುವರ್ಣಮ್ಮ. ಇಪ್ಪತ್ತಮೂರರ ಹುಡುಗಿ, ಓಟಕ್ಕೆ ಹೆಸರು ಕೊಟ್ಟ ಒಬ್ಬಳೇ ಹೆಂಗಸು.

“ಬೋರಮ್ಮನೋರೇ, ನಾನು ಅದನ್ನ ಹಾಕ್ಕೊಳ್ಳೋದು ಹಾಡು ಕೇಳೋಕಲ್ಲ. ದಿನಾ ಓಡೋವಾಗ ಸೇತುವೆ ಕಟ್ಟೆ ಮೇಲೆ ಕೂತೋರು ಏನೇನಂತಾರೆ ಗೊತ್ತಾ? ಅದು ಕೇಳಿಸಬಾರದು ಅಂತ ಹಾಕ್ಕೊತೀನಿ. ಅದು ಬೇಡ ಅಂದ್ರೆ ನಾನು ಓಡೋದೇ ನಿಲ್ಲಿಸ್ಬೇಕು.”

  “ಆ ಮಗಿನ ಮಾತು ನಿಜ. ನಂಗೂ ಅಂತಾರೆ. ಆಡ್ಕೊಳ್ಳೋರ ಮಾತು ಕೇಳಿಸ್ಬಾರ್ದು, ಲಾರಿ ಹಾರನ್ ಕೇಳಿಸ್ಬೇಕು. ಎರಡೂ ಬರೋದು ಒಂದೇ ಕಿವಿಗೆ. ಏನ್ಮಾಡಾನ?” ಎಂದು ಬೋರಮ್ಮ ಈಗಲೂ ನನ್ನನ್ನೇ ಕೇಳುತ್ತಾರೆ.

ಆವತ್ತು ಸಭೆಯಲ್ಲಿ ಬಾಗಿಲಿಗೊರಗಿ ನಿಂತೇ ಅವರು ಸುವರ್ಣಮ್ಮನಿಗೆ ಹೇಳಿದರು: “ನಮ್ಮ ಗ್ಯಾಂಗ್‌ನಾಗೆ ಹನ್ನೊಂದು ಜನ ಹೆಂಗಸ್ರು ಇದೀವಿ. ರಸ್ತೆ ಉದ್ದಕ್ಕೂ ನಿಂತ್ಕೊತೀವಿ. ಯಾವನು ಬಾಯಿ ಬುಡ್ತಾನೋ ನೋಡಾನ. ನೀನು ಬರಿ ಕಿವಿಲಿ ಓಡು ಕಣವ್ವ.”

ಶಂಭುಲಿಂಗಯ್ಯನವರು ತಲೆ ಎತ್ತಿದ್ದು ಆಗಲೇ. ಆಮೇಲೆ ನಾನು ಅವರನ್ನು ಕೊಬ್ಬರಿ ಮಳಿಗೆಯಲ್ಲಿ ಭೇಟಿಯಾದಾಗ, ಅವರು ಯಾವುದನ್ನೂ ಮುಚ್ಚಿಡಲಿಲ್ಲ. “ರೂಲ್ ಮಾಡಿದ್ರೆ, ಹುಡುಗ ಸತ್ತಿದ್ದು ನಾನು ಕೊಟ್ಟ ವಸ್ತುವಿನಿಂದ ಅಂತ ಒಪ್ಪಿಕೊಂಡ ಹಾಗೆ ಕಣ್ರೀ. ಅದಕ್ಕೇ ಎರಡು ವರ್ಷ ಆ ಮಾತು ಬಂದಾಗೆಲ್ಲ ತಪ್ಪಿಸ್ತಿದ್ದೆ. ಆಯಮ್ಮ ಒಂದು ದಿನವೂ ನನ್ನ ಬಯ್ಯಲಿಲ್ಲ. ಬಯ್ದಿದ್ರೆ ಚೆನ್ನಾಗಿತ್ತು.” ಆ ಸಭೆಯಲ್ಲೇ ಅವರು ತಮ್ಮ ಕೈಯಿಂದ ನಿಯಮ ಬರೆದು ಓದಿದರು. 

ಜನವರಿ ಇಪ್ಪತ್ತಾರರಂದು ನಾನೂ ಅಲ್ಲಿದ್ದೆ. ಮೂವತ್ತೆಂಟು ಜನ ಓಡಿದರು. ಓಟ ಶುರುವಾಗುವ ಜಾಗದಲ್ಲಿ ಐದು ಯಂತ್ರಗಳು ಬೋರಮ್ಮನ ಮಂಕರಿ ಸೇರಿದವು. ತಿಪಟೂರಿನ ಕಾಲೇಜು ಹುಡುಗನೊಬ್ಬ ಜಗಳಕ್ಕೇ ನಿಂತ, ಬೈದುಕೊಂಡೇ ಕೊಟ್ಟ. ಮಂಕರಿಯನ್ನು ಸಂಘದವರಿಗೆ ಒಪ್ಪಿಸಿ ಅವರು ಸಂಘದ ಜೀಪಿನಲ್ಲಿ ತಿರುವಿಗೆ ಬಂದರು. ದಾರಿಯುದ್ದಕ್ಕೂ ಗ್ಯಾಂಗಿನ ಹೆಂಗಸರು ಗುದ್ದಲಿ ಹಿಡಿದು ನಿಂತಿದ್ದರು. ಸೇತುವೆ ಕಟ್ಟೆಯ ಮೇಲೆ ಆವತ್ತು ಯಾರೂ ಕೂತಿರಲಿಲ್ಲ. ಸುವರ್ಣಮ್ಮ ಇಪ್ಪತ್ತೊಂದನೆಯವಳಾಗಿ ಗುರಿ ಮುಟ್ಟಿದಳು.

ತಿರುವಿನಲ್ಲಿ ನಿಂತ ಬೋರಮ್ಮ, ಓಟಗಾರರು ಹಾಯ್ದು ಹೋಗುವಾಗ,  ಒಬ್ಬೊಬ್ಬರ ಕಿವಿಯನ್ನೇ ನೋಡುತ್ತಿದ್ದರು. ಕೊನೆಯವನು ದಾಟಿದ ಮೇಲೆ ರಸ್ತೆ ಬದಿಯಲ್ಲಿ ಕೂತು, ಸೆರಗು ಬಾಯಿಗೊತ್ತಿಕೊಂಡು ಅತ್ತರು. ಅಲ್ಲಿಗೆ ಬಂದ ಗ್ಯಾಂಗಿನ ಗೆಳತಿಯರೂ ಪಕ್ಕದಲ್ಲಿ ಕೂತರು.

ನಿಯಮವಿರುವುದು ಓಟದ ದಿನಕ್ಕೆ ಮಾತ್ರ. ಉಳಿದ ದಿನಗಳಲ್ಲಿ ಸುವರ್ಣಮ್ಮ ಒಬ್ಬಳೇ ಓಡುತ್ತಾಳೆ, ಒಂದು ಕಿವಿಗೆ ಮಾತ್ರ ಹಾಕಿಕೊಂಡು. ಇದು ಬೋರಮ್ಮನಿಗೂ ಗೊತ್ತು. “ಬೇಡ ಅನ್ನೋಕೆ ನಂಗೆ ಬಾಯಿಲ್ಲ. ದಿನಾ ಅವಳ ಜೊತೆ ಓಡೋರು ಯಾರು?”

ನಿಮಗೆ ಇನ್ನೇನಾದರೂ ಆಗಬೇಕೇ ಎಂದು ಕೇಳುತ್ತೇನೆ. ಏನೂ ಬೇಡವೆಂದು ತಲೆಯಾಡಿಸಿ, ಜಲ್ಲಿಯ ಧೂಳು ಕೊಡವಿಕೊಂಡು ಎದ್ದು, ತಿರುವಿನ ಒಳಬದಿಗೆ ಕರೆದುಕೊಂಡು ಹೋಗುತ್ತಾರೆ. ಅಲ್ಲಿ ಲಂಟಾನ, ಕತ್ತಾಳೆ ಬೆಳೆದು ಏರಿಯನ್ನು ಮರೆಮಾಡಿತ್ತಂತೆ. ಈಗ ಉದ್ದಕ್ಕೂ ಬರೀ ಬೊಡ್ಡೆಗಳು. ಎರಡು ವರ್ಷದಿಂದ, ಕೆಲಸ ಮುಗಿಸಿ ಮನೆಗೆ ಹೋಗುವ ಮುನ್ನ, ದಿನಕ್ಕೆ ಒಂದೆರಡು ಪೊದೆ ಕಡಿದಿದ್ದಾರೆ. ಯಾರೂ ಹೇಳಿದ್ದಲ್ಲ. ಅಂಗೈಯ ಮುಳ್ಳಿನ ಗೀರುಗಳು ಇನ್ನೂ ಮಾಸಿಲ್ಲ.

“ಇಲ್ಲಿ ನಿಂತ್ಕೊಂಡು ನೋಡಿ ಸ್ವಾಮಿ” ಎನ್ನುತ್ತಾರೆ. ನಿಂತು ನೋಡುತ್ತೇನೆ. ಏರಿಯ ಆ ತುದಿಯಲ್ಲಿ ಬೆಳಗಿನ ಮೊದಲ ಬಸ್ಸು ಇನ್ನೂ ಬೆಂಕಿಪೊಟ್ಟಣದಷ್ಟೇ ಇದೆ.

“ಮುಂಚೆ ಗಾಡಿ ಹತ್ರಕ್ಕೆ ಬರೋಗಂಟ ಕಾಣ್ತಿರ್ನಿಲ್ಲ. ಈಗ ಕಾಣ್ತದೆ. ನಾನೇ ಕಡ್ದಿದ್ದು.”