ಇಟಲಿಯ ಆ ಗೇಟಿಗೆ ಬೀಗ ಹಾಕಿತ್ತು

ಗಂಗಾವತಿಯಿಂದ ಹೊಸಪೇಟೆಗೆ ಬೆಳಗಿನ ಬಸ್ಸು ಹತ್ತಿದಾಗ ನಮ್ಮಿಬ್ಬರ ಹತ್ತಿರ ಎರಡು ಟ್ರಂಕು, ಒಂದು ಗಂಟು ಸಜ್ಜೆ ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿ ಮತ್ತು ಎರಡು ಹೊಸ ಪಾಸ್‌ಪೋರ್ಟು ಇದ್ದವು. ನಾನು ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದಿ ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಕೆಲಸಕ್ಕಿದ್ದೆ. ಜೊತೆಗೆ ಹೊರಟವರು ಗಿರಣಿಯ ಹಿರಿಯ ಮೇಸ್ತ್ರಿ ಯಮನೂರಪ್ಪ, ಯಲಬುರ್ಗಾ ಕಡೆಯ ಬೇವೂರಿನವರು. ಹಮಾಲಿಯಿಂದ ಶುರುಮಾಡಿ ಮೇಸ್ತ್ರಿಯಾದವರು. ಯಂತ್ರದ ಸದ್ದು ಕೇಳಿಯೇ ಯಾವ ಬೇರಿಂಗ್ ಸವೆದಿದೆ ಎಂದು ಹೇಳುತ್ತಿದ್ದರು. ನಮ್ಮ ಸಾಹುಕಾರರು ಇಟಲಿಯ ಕಾರ್ಖಾನೆಯೊಂದರಿಂದ ಅಕ್ಕಿ ಪಾಲಿಶ್ ಮಾಡುವ ಯಂತ್ರ ತರಿಸುವವರಿದ್ದರು. ಅದನ್ನು ಬಿಚ್ಚಿ ಜೋಡಿಸಲು ಕಲಿತು ಬನ್ನಿ ಎಂದು ನಮ್ಮನ್ನು ಮೂರು ವಾರಕ್ಕೆ ಕಳಿಸಿದರು. ಇದು ಹೋದ ವರ್ಷದ, ಎಂಬತ್ತೆರಡನೆಯ ಇಸವಿಯ ಮಾತು. ಕಾಲುವೆಯ ಭತ್ತಕ್ಕೆ ಗಿರಣಿಗಳು ಸಾಲುತ್ತಿರಲಿಲ್ಲ.

ಹೊಸಪೇಟೆಯಿಂದ ಸಣ್ಣ ಹಳಿಯ ರೈಲಿನಲ್ಲಿ ಗುಂತಕಲ್ಲು, ಅಲ್ಲಿಂದ ದೊಡ್ಡ ಹಳಿಯ ರೈಲಿನಲ್ಲಿ ಮುಂಬಯಿ. ವಿಮಾನ ಮೇಲೇರುವಾಗ ಯಮನೂರಪ್ಪ ನನ್ನ ಮುಂಗೈ ಹಿಡಿದವರು ಮೋಡ ದಾಟುವವರೆಗೂ ಬಿಡಲಿಲ್ಲ.

"ಅಂಜಿಕಿ ಆತೇನ್ರಿ ಮೇಸ್ತ್ರಿ?" ಎಂದೆ.

"ನನಗಲ್ರಿ, ನೀವು ಅಂಜಿರಿ ಅಂತ ಹಿಡ್ಕೊಂಡೀನಿ," ಎಂದರು.

ನಾವು ಹೋದ ಊರು ಇಟಲಿಯ ಉತ್ತರಕ್ಕಿರುವ ಭತ್ತದ ಸೀಮೆಯಲ್ಲಿದೆ. ಹೆಸರು ಬರೆಯುವುದಿಲ್ಲ, ಅಲ್ಲಿ ನಮಗೆ ಅನ್ನ ಹಾಕಿದವರು ಇನ್ನೂ ಅಲ್ಲಿಯೇ ಇದ್ದಾರೆ. ನವೆಂಬರಿನ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಮೊದಲ ಎರಡು ದಿನ ಎದುರಿನ ಮನೆ ಕಾಣಲಿಲ್ಲ. ಮೂರನೆಯ ದಿನ ಬಿಸಿಲು ಬಿದ್ದಾಗ ನೋಡಿದರೆ ಸುತ್ತಲೂ ಕೊಯ್ದ ಗದ್ದೆ, ಬದು, ನೀರಿನ ಕಾಲುವೆ. ಯಮನೂರಪ್ಪ ರಸ್ತೆಯ ಪಕ್ಕದಲ್ಲಿ ಉದುರಿದ್ದ ತೆನೆಯೊಂದನ್ನು ಎತ್ತಿ ಎರಡು ಕಾಳು ಕಡಿದು, "ಇದು ನಮ್ಮ ಗಂಗಾವತಿ ಬಾಜೂಕಿನ ಸಿದ್ದಾಪುರನ ಐತಿ, ಥಂಡಿ ಅಷ್ಟ ಭಾಳ," ಎಂದು ತೀರ್ಪು ಕೊಟ್ಟರು. ಊಟಕ್ಕೆ ಬೆಣ್ಣೆ, ಚೀಸು ಹಾಕಿ ಮುದ್ದೆಯಾಗುವಂತೆ ಬೇಯಿಸಿದ ಅನ್ನ ಕೊಡುತ್ತಿದ್ದರು. ಅದಕ್ಕೆ ನಾವು ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದೆವು.

ಕೆಲಸ ಕಲಿಸಲು ನೇಮಕವಾದವನ ಹೆಸರು ರೆನಾತೊ. ನಲವತ್ತರ ಫಿಟ್ಟರು. ಹರೆಯದಲ್ಲಿ ಹಡಗಿನಲ್ಲಿ ದುಡಿದದ್ದರಿಂದ ಅವನಿಗೆ ಇಂಗ್ಲಿಷು ಬರುತ್ತಿತ್ತು. ಅವನ ಮಾತನ್ನು ನಾನು ಯಮನೂರಪ್ಪನವರಿಗೆ ಕನ್ನಡದಲ್ಲಿ ಹೇಳುತ್ತಿದ್ದೆ, ಅವರ ಮಾತನ್ನು ಅವನಿಗೆ ಇಂಗ್ಲಿಷಿನಲ್ಲಿ. ವಾರದ ನಂತರ ನನ್ನ ಅಗತ್ಯವೇ ಬೀಳಲಿಲ್ಲ. ಇಬ್ಬರೂ ಯಂತ್ರಕ್ಕೆ ಕಿವಿಕೊಟ್ಟು, ತಲೆಯಾಡಿಸಿ, ಒಂದೇ ಬೋಲ್ಟಿನ ಕಡೆ ಬೆರಳು ಮಾಡುತ್ತಿದ್ದರು.

ರೆನಾತೊನಿಗೆ ಫುಟ್‌ಬಾಲಿನ ಹುಚ್ಚು. ಊರ ಕ್ಲಬ್ಬಿನ ಆಟವಿದ್ದ ದಿನ ಬಡವರ ಗ್ಯಾಲರಿಯಲ್ಲಿ ಡೋಲು ಬಾರಿಸುವವನು ಅವನೇ. ಕ್ಲಬ್ಬಿನ ಮಾಲೀಕ ನಮ್ಮ ಕಾರ್ಖಾನೆಯ ಮಾಲೀಕನೂ ಹೌದು. ಶನಿವಾರ ಮಧ್ಯಾಹ್ನ ರೆನಾತೊ ನಮ್ಮನ್ನು ಕ್ಷೌರಕ್ಕೆ ಕರೆದುಕೊಂಡು ಹೋದ. ಕ್ಷೌರಿಕ ಕತ್ತರಿ ಆಡಿಸುತ್ತಲೇ, ನಾಳಿನ ಆಟದ ಮೇಲೆ ಹಣ ಕಟ್ಟುತ್ತೀರಾ ಎಂದು ಕೇಳಿದ. ರೆನಾತೊ ಅವನ ಮಾತನ್ನು ನನಗೆ ಇಂಗ್ಲಿಷಿನಲ್ಲಿ ಹೇಳಿದ. ಒಂದಕ್ಕೊಂದು ಸಮ ಆಗುತ್ತದೆ, ಎರಡೂ ಗೋಲು ಅರ್ಧ ಆಟದೊಳಗೆ ಬರುತ್ತವೆ, ಅನುಮಾನವೇ ಬೇಡ ಎಂದ. ಎರಡೂ ಕಡೆಯ ಆಟಗಾರರಿಗೆ ಹಣ ಮುಟ್ಟಿದೆಯಂತೆ.

ನಾನು ಇದನ್ನು ಹೇಳಿದಾಗ ಯಮನೂರಪ್ಪ ಕುರ್ಚಿಯಲ್ಲಿಯೇ ತಿರುಗಿದರು. "ನಮ್ಮ ಕಡೆ ಮಟಕಾ ನಂಬರ್ ಗಡಿಗಿ ಒಳಗಿಂದ ತೆಗದ ಮ್ಯಾಲ ಗೊತ್ತಾಗ್ತೈತಿ. ಇವರದು ಮುಂಚೇನ ಗೊತ್ತಾಗ್ತೈತೇನು? ಭಾಳ ಮುಂದುವರದಾರ ಬಿಡ್ರಿ." ಹೊರಗೆ ಬಂದ ಮೇಲೆ ಅವರೇ ನನ್ನ ಬಾಯಿಂದ ರೆನಾತೊನನ್ನು ಕೇಳಿಸಿದರು: "ಎಲ್ಲಾ ಮಾರಿದ್ದು ಗೊತ್ತಿದ್ದೂ ರೊಕ್ಕಾ ಕೊಟ್ಟು ಯಾಕ ಹೋಗ್ತಾನಂತ ಕೇಳ್ರಿ ಇಂವನ್ನ."

ರೆನಾತೊ ಹೇಳಿದ: "ಆಟಗಾರರು ಮಾರಿಕೊಂಡಿದ್ದಾರೆ. ಮಾಲೀಕ ಮಾರಿಕೊಂಡಿದ್ದಾನೆ. ನಮ್ಮ ಗ್ಯಾಲರಿಯನ್ನು ಇನ್ನೂ ಯಾರೂ ಕೊಂಡಿಲ್ಲ. ನನ್ನ ಅಪ್ಪ ನಿಂತ ಜಾಗ ಅದು. ಕಳ್ಳ ಹೊಕ್ಕನೆಂದು ನಾನು ಮನೆ ಬಿಡಬೇಕೆ?" ನಾಳೆ ಗೋಲುಗಳು ಕ್ಷೌರಿಕ ಹೇಳಿದಂತೆಯೇ ಬಿದ್ದರೆ ಗ್ಯಾಲರಿಯವರೆಲ್ಲ ನಡುವಿನಲ್ಲಿಯೇ ಎದ್ದು ಹೊರಬರುವುದೆಂದು ತೀರ್ಮಾನವಾಗಿತ್ತು. ಪತ್ರಿಕೆಯವರು ಖಾಲಿ ಗ್ಯಾಲರಿಯ ಚಿತ್ರ ತೆಗೆಯಲಿ ಎಂಬುದು ಅವರ ಆಸೆ.

ಭಾನುವಾರ ಮಧ್ಯಾಹ್ನ ಎರಡೂವರೆಗೆ ಆಟ. ತಿಕೀಟು ನಾಲ್ಕು ಸಾವಿರ ಲೀರಾ. ಸಾವಿರ ಎಂದದ್ದಕ್ಕೆ ಯಮನೂರಪ್ಪ ಹೌಹಾರಿದರು, ನಮ್ಮ ರೂಪಾಯಿಗೆ ಲೆಕ್ಕ ಹಾಕಿ ಹೇಳಿದ ಮೇಲೆ ಸಮಾಧಾನವಾದರು. ಗ್ಯಾಲರಿ ಎಂದರೆ ಸಿಮೆಂಟಿನ ಮೆಟ್ಟಿಲು, ಕೂಡಲು ಏನೂ ಇಲ್ಲ. ಎಲ್ಲರ ಕೊರಳಲ್ಲಿ ಹಳದಿ ವಸ್ತ್ರ. ರೆನಾತೊನ ಡೋಲಿಗೆ ಇಡೀ ಗ್ಯಾಲರಿ ಕುಣಿಯಿತು. ಒಂದೇ ಸಮನೆ ಬಡಿದರೆ ಹಾಡು. ಬಿಟ್ಟು ಬಿಟ್ಟು ಮೂರು ಪೆಟ್ಟು ಹಾಕಿದರೆ ಎಲ್ಲರೂ ಒಂದು ಹೆಜ್ಜೆ ಹಿಂದಕ್ಕೆ ಸರಿದು ಕೈ ಮೇಲೆತ್ತುತ್ತಿದ್ದರು. ದೂರದಿಂದ ನೋಡಿದರೆ ಅದು ಸಮುದ್ರದ ತೆರೆ ಸರಿದಂತೆ ಕಾಣುತ್ತದಂತೆ. ಬೇವೂರಿನಲ್ಲಿ ಮೊಹರಮ್ಮಿನ ಹೆಜ್ಜೆ ಮೇಳ ಕಟ್ಟುತ್ತಿದ್ದ ಯಮನೂರಪ್ಪನವರಿಗೆ ಇದು ಕೂಡಲೇ ಹಿಡಿಸಿತು. "ಇದು ಹಿಂದಕಿನ ಹೆಜ್ಜಿ! ಆದ್ರ ಇವರು ಎಡಗಾಲು ಮೊದ್ಲ ಇಡಾಕತ್ತಾರ, ತಪ್ಪು," ಎಂದು ತಾವೂ ಹೆಜ್ಜೆ ಹಾಕಿದರು. ಪಕ್ಕದಲ್ಲಿದ್ದ ಮುದುಕನೊಬ್ಬ ತನ್ನ ಹಳದಿ ವಸ್ತ್ರವನ್ನು ತೆಗೆದು ಅವರ ತಲೆಯ ರುಮಾಲಿನ ಮೇಲೆ ಸುತ್ತಿದ.

ಇಪ್ಪತ್ತನೆಯ ನಿಮಿಷಕ್ಕೆ ಒಂದು ಗೋಲು. ಅರ್ಧ ಆಟಕ್ಕೆ ಐದು ನಿಮಿಷ ಇರುವಾಗ ಎದುರು ಕಡೆಯವರದೊಂದು. ನಮ್ಮ ಗೋಲ್‌ಕೀಪರು ಚೆಂಡು ಬಂದ ಕಡೆ ಬಿಟ್ಟು ಆಚೆ ಬದಿಗೆ ಹಾರಿದ. ನಂತರ ಇಪ್ಪತ್ತೆರಡು ಜನ ತಮ್ಮ ತಮ್ಮೊಳಗೆ ಚೆಂಡು ತಳ್ಳುತ್ತ ಅಡ್ಡಾಡಿದರು.

"ಊಟ ಆದ ಮ್ಯಾಲ ನಮ್ಮ ಹಮಾಲ್ರು ಹಿಂಗ ತಿರುಗ್ತಾರ ನೋಡ್ರಿ," ಎಂದರು ಯಮನೂರಪ್ಪ.

ರೆನಾತೊ ಡೋಲು ನಿಲ್ಲಿಸಿದ. ಗ್ಯಾಲರಿ ಆಟಕ್ಕೆ ಬೆನ್ನು ತಿರುಗಿಸಿತು. ಯಾರೂ ಬೈಯಲಿಲ್ಲ, ಏನೂ ಎಸೆಯಲಿಲ್ಲ. ಮೆಟ್ಟಿಲಿಳಿದು ಹೊರಬಾಗಿಲಿನ ಓಣಿಗೆ ನಡೆದೆವು. ಎರಡೂ ಕಡೆ ಎತ್ತರದ ಗೋಡೆ, ಕೊನೆಯಲ್ಲಿ ಕಬ್ಬಿಣದ ಗೇಟು. ರೆನಾತೊ ಮುಂದೆ, ನಾವಿಬ್ಬರು ಅವನ ಬೆನ್ನಿಗೆ.

ಇನ್ನು ಮುಂದಿನದನ್ನು ನಾನು ಈಗಲೂ ದಿನಕ್ಕೆ ಹಲವು ಸಲ ಕಣ್ಮುಂದೆ ನೋಡುತ್ತೇನೆ. ಗೇಟಿನ ಆಚೆ ಬೂದು ಕೋಟಿನವನೊಬ್ಬ ನಿಂತಿದ್ದ, ಕ್ಲಬ್ಬಿನ ಅಧಿಕಾರಿ. ನಾವು ಬರುವುದನ್ನು ಕಂಡು ಕಾವಲುಗಾರನಿಗೆ ಗದ್ದ ಆಡಿಸಿ ಸನ್ನೆ ಮಾಡಿದ. ಕಾವಲುಗಾರ ಗೇಟಿಗೆ ಸರಪಳಿ ಸುತ್ತಿ, ಬೀಗ ಹಾಕಿ, ಕೀಲಿಯನ್ನು ತನ್ನ ಕೋಟಿನ ಎಡ ಜೇಬಿಗೆ ಇಳಿಸಿದ. ಇಬ್ಬರೂ ಬೆನ್ನು ತಿರುಗಿಸಿ ನಡೆದರು. ಓಡಲೂ ಇಲ್ಲ. ಜನ ಒಳಗೇ ಉಳಿದರೆ ಗ್ಯಾಲರಿ ಖಾಲಿ ಆಗುವುದಿಲ್ಲ, ಅಷ್ಟೇ ಅವರ ಲೆಕ್ಕ.

ಹಿಂದಿನವರಿಗೆ ಬೀಗ ಕಾಣುವುದಿಲ್ಲ. ಅವರು ನಡೆಯುತ್ತಲೇ ಬಂದರು. ಗಿರಣಿಯ ಹಾಪರಿನ ಕೆಳಬಾಯಿ ಕಟ್ಟಿದರೂ ಮೇಲಿನಿಂದ ಭತ್ತ ಸುರಿಯುವಂತೆ ಒತ್ತಡ ಏರಿತು. ನೂಕಿಗೆ ನಾನು ರೆನಾತೊನ ಪಕ್ಕಕ್ಕೆ ಬಂದೆ, ಕೆನ್ನೆ ಗೇಟಿನ ಸರಳಿಗೆ ಅಂಟಿತು. ಉಸಿರು ಬಿಟ್ಟೆ, ಮತ್ತೆ ಎಳೆದುಕೊಳ್ಳಲು ಎದೆ ಏಳಲಿಲ್ಲ. ರೆನಾತೊ ಡೋಲು ಒಡೆಯದಿರಲೆಂದು ಅದನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದ, ಹಾಗಾಗಿ ಎದೆಗೆ ಕೈ ಅಡ್ಡ ಕೊಡಲಾಗಲಿಲ್ಲ. ಅವನೊಳಗೆ ಏನೋ ಮುರಿದ ಸದ್ದು ನನಗೆ ಕೇಳಿಸಿತು. ಒಣ ಕಟ್ಟಿಗೆಯ ಸದ್ದು.

ಯಮನೂರಪ್ಪ ಹಿಂದಿನಿಂದ ಆ ಡೋಲನ್ನು ಕಿತ್ತುಕೊಂಡರು. ಮೂಟೆ ಹೊತ್ತ ಹೆಗಲಿನ ಮೇಲೆ ಅದನ್ನು ನಿಲ್ಲಿಸಿ, ಮುಷ್ಟಿಯಿಂದ ಬಿಟ್ಟು ಬಿಟ್ಟು ಮೂರು ಪೆಟ್ಟು ಹಾಕಿದರು. "ಹಿಂದಕಿನ ಹೆಜ್ಜಿ! ಏ, ಹಿಂದಕಿನ ಹೆಜ್ಜಿ ಇಡ್ರಲೇ!" ಎಂದು ಕೂಗಿದರು. ಕನ್ನಡ ಅಲ್ಲಿ ಯಾರಿಗೆ ಬರಬೇಕು? ಆದರೆ ಆ ಮೂರು ಪೆಟ್ಟು ಓಣಿಯ ತುದಿಯವರಿಗೂ ಗೊತ್ತಿತ್ತು. ಎಷ್ಟು ವರ್ಷದ ರೂಢಿಯೋ, ಕಾಣದ ಜನ ಎಲ್ಲಿದ್ದರೋ ಅಲ್ಲಿಯೇ ಒಂದು ಹೆಜ್ಜೆ ಹಿಂದಕ್ಕೆ ಇಟ್ಟು ಕೈ ಎತ್ತಿದರು. ಮತ್ತೆ ಮೂರು ಪೆಟ್ಟು, ಮತ್ತೊಂದು ಹೆಜ್ಜೆ. ನಾಲ್ಕನೆಯ ಸಲಕ್ಕೆ ನನ್ನ ಎದೆಗೆ ಗಾಳಿ ಬಂತು. ಆಟ ಮುಗಿಯುವವರೆಗೆ ಯಾರೂ ಗೇಟು ತೆರೆಯಲಿಲ್ಲ.

ಯಾರೂ ಸಾಯಲಿಲ್ಲ. ಮುಚ್ಚಿಹಾಕಲು ಅದೇ ಅನುಕೂಲವಾಯಿತು. ರೆನಾತೊನಿಗೆ ಮೂರು ಪಕ್ಕೆಲುಬು ಮುರಿದಿದ್ದವು, ಹೆಂಗಸೊಬ್ಬಳ ತೋಳು ಮುರಿದಿತ್ತು. ಸೋಮವಾರ ಬೆಳಿಗ್ಗೆ ಬೂದು ಕೋಟಿನವನು ಕಾರ್ಖಾನೆಯ ಆಫೀಸಿಗೇ ಬಂದ. ನಮ್ಮಿಬ್ಬರಿಗೂ ಕಾಫಿ ತರಿಸಿ, ಇಂಗ್ಲಿಷಿನಲ್ಲಿ ಟೈಪು ಮಾಡಿದ ಹಾಳೆ ಮುಂದಿಟ್ಟ. ನೀವು ಪರದೇಶದವರು, ಯಾವ ಪಕ್ಷಕ್ಕೂ ಸೇರದವರು, ನಿಮ್ಮ ಮಾತನ್ನು ಪೊಲೀಸರು ನಂಬುತ್ತಾರೆ ಎಂದ. ಹಾಳೆಯಲ್ಲಿ ಹೀಗಿತ್ತು: ಗೇಟು ತೆರೆದಿತ್ತು. ರೆನಾತೊ ಡೋಲು ಬಡಿದು ಜನರನ್ನು ಉದ್ರೇಕಿಸಿ ನುಗ್ಗಿಸಿದ. ನಾವು ಸಹಿ ಹಾಕಿದರೆ ರೆನಾತೊನಿಗೆ ಜೈಲು, ಕೆಲಸವಂತೂ ಹೋದಂತೆಯೇ. ನಮಗಾದರೆ ಯಂತ್ರ ಅದೇ ತಿಂಗಳು ಹಡಗು ಹತ್ತುತ್ತದೆ, ಒಂದು ಜೊತೆ ರೋಲರು ಪುಕ್ಕಟೆ.

ಅಡಗಿಸಿ ಫಲವಿಲ್ಲ: ನಾನು ಪೆನ್ನಿನ ಮುಚ್ಚಳ ತೆಗೆದಿದ್ದೆ. ಆ ಊರಿನಿಂದ ಹೊರಗೆ ಬಿದ್ದರೆ ಸಾಕಾಗಿತ್ತು.

"ಏನ್ ಬರದಾರ್ರಿ ಅದರಾಗ?" ಎಂದು ಯಮನೂರಪ್ಪ ಕೇಳಿದರು. ಹೇಳಿದೆ.

"ಗೇಟ್ ತೆಗದಿತ್ತಂತ? ಹಂಗಾರ ನಾವು ಅಲ್ಲಿ ತಾಸುಗಟ್ಲೆ ನಿಂತು ಸಂಡಿಗಿ ಒಣಗಸಾಕತ್ತಿದ್ವೇನು? ಮತ್ತ ಡೋಲು ಬಡದಾಂವ ನಾನು. ಇವರು ಅದನ್ನೂ ರೆನಾತಪ್ಪನ ಹೆಸರಿಗೆ ಬರದಾರಲ್ಲ!" ಬೂದು ಕೋಟಿನವನ ಕಡೆ ತಿರುಗಿ ತಮ್ಮ ಎದೆ ಮುಟ್ಟಿಕೊಂಡು, "ನಾನ ಬಡದೀನಿ. ಬರಕೋ," ಎಂದರು.

ನಾನು ಹಾಳೆಯನ್ನು ಮಗುಚಿದೆ. ಹಿಂಬದಿಯಲ್ಲಿ ಸರಪಳಿ, ಬೀಗ, ಎಡ ಜೇಬು, ಡೋಲು ಬಡಿದವರು ಯಾರು, ಎಲ್ಲವನ್ನೂ ಇಂಗ್ಲಿಷಿನಲ್ಲಿ ಬರೆದೆ. ಯಮನೂರಪ್ಪ ಗಿರಣಿಯ ಹಾಜರಿ ಪುಸ್ತಕದಲ್ಲಿ ಹಾಕುವಂತೆ ಒತ್ತಿ ಒತ್ತಿ ಕನ್ನಡದಲ್ಲಿ ಸಹಿ ಮಾಡಿದರು. ಬೂದು ಕೋಟಿನವನು ಓದಿ, ನಾಲ್ಕು ಮಡಿಕೆ ಮಾಡಿ ಎತ್ತಿಕೊಂಡು ಹೋದ. ಅದು ಪೊಲೀಸರನ್ನು ಮುಟ್ಟುವುದಿಲ್ಲವೆಂದು ತಿಳಿದು, ಸಂಜೆ ಆಸ್ಪತ್ರೆಯಲ್ಲಿ ಮತ್ತೊಂದನ್ನು ಬರೆದು ರೆನಾತೊನ ಕೈಗೆ ಕೊಟ್ಟೆವು. ಮರುದಿನವೇ ನಮ್ಮ ತರಬೇತಿ ಮುಗಿಯಿತೆಂದು ಹೇಳಿದರು. ಇನ್ನೂ ಐದು ದಿನದ ಕೆಲಸ ಬಾಕಿಯಿತ್ತು.

ಗಂಗಾವತಿಗೆ ಬಂದಾಗ ಭತ್ತದ ಸುಗ್ಗಿ ಜೋರಾಗಿತ್ತು. ಯಂತ್ರ ಸುಗ್ಗಿಗೆ ಬರಲಿಲ್ಲ; ಐದು ತಿಂಗಳು ತಡವಾಯಿತು. ಆ ನಡುವೆ ರೆನಾತೊನ ಕಾಗದ ಬಂತು. ಜನರನ್ನು ನುಗ್ಗಿಸಿದೆನೆಂದು ನನ್ನ ಮೇಲೆಯೇ ಕೇಸು ಹಾಕಿದ್ದಾರೆ, ಕೋರ್ಟು ಕೈಬರಹದ ಹೇಳಿಕೆಯನ್ನು ಒಪ್ಪುತ್ತಿಲ್ಲ, ನಿಮ್ಮ ಊರಿನಲ್ಲಿ ಪ್ರಮಾಣ ಮಾಡಿ ಮೊಹರು ಹಾಕಿಸಿ ಕಳಿಸಬಹುದೇ ಎಂದು ಕೇಳಿದ್ದ. ರಜೆ ಕೇಳಲು ಇಬ್ಬರೂ ಹೋದೆವು. ಸಾಹುಕಾರರು ಆಂಧ್ರದಿಂದ ಬಂದು ಕಾಲುವೆ ಪಕ್ಕದ ಕ್ಯಾಂಪಿನಲ್ಲಿ ನೆಲೆಸಿದವರು, ಸಿಟ್ಟು ಬಂದರೆ ತೆಲುಗು ಬೆರೆಯುತ್ತಿತ್ತು.

"ಏಮಯ್ಯಾ ಇಂಜಿನಿಯರೂ, ಅಂವ ನಿನ್ನ ಬೀಗನೇನು? ಒಂದು ಸಹಿಗೆ ನನ್ನ ಇಡೀ ಸುಗ್ಗಿ ಹೋತು. ಈಗ ಮತ್ತ ಬರದು ಕೊಟ್ಟರ ನಾಳೆ ಸ್ಪೇರು ಯಾರು ಕೊಡ್ತಾರ? ಹೋಗೋದಾದ್ರ ಇಬ್ರೂ ಹಂಗ ಹೋಗಿಬಿಡ್ರಿ."

"ಹಂಗ ಆಗ್ಲಿರಿ," ಎಂದರು ಯಮನೂರಪ್ಪ. ಇಪ್ಪತ್ತೆರಡು ವರ್ಷ ದುಡಿದ ಗಿರಣಿ ಅದು. ನನಗಿಂತ ಮೊದಲು ಅವರೇ ಮೆಟ್ಟಿಲಿಳಿದರು.

ನನ್ನ ಜೊತೆ ಓದಿದವನೊಬ್ಬ ಕೊಪ್ಪಳದಲ್ಲಿ ವಕೀಲ, ನೋಟರಿ. ಮರುದಿನ ಕೊಪ್ಪಳದ ಬಸ್ಸಿಗೆ ಬಂದೆವು. ಬಾಗಿಲಲ್ಲಿ ಜನ ಒತ್ತಿದಾಗ ನನ್ನ ಉಸಿರು ಕಟ್ಟಿತು. ಬಸ್ಸು ಬಿಟ್ಟು ಕೆಳಗಿಳಿದೆ. ಯಮನೂರಪ್ಪ ತಾವೂ ಇಳಿದರು. ಮುಂದಿನದು ಬರಲು ಒಂದೂವರೆ ತಾಸು ಹಿಡಿಯಿತು. ಅದು ಖಾಲಿ ಇತ್ತು. ನಲವತ್ತು ಚಿಲ್ಲರೆ ಕಿಲೋಮೀಟರು ಕಿಟಕಿ ತೆರೆದು ಕುಳಿತೆ.

ವಕೀಲ ಎಲ್ಲವನ್ನೂ ಟೈಪು ಮಾಡಿಸಿ ಗಟ್ಟಿಯಾಗಿ ಓದಿದ. ಮೊಹರು ಕೈಯಲ್ಲಿ ಹಿಡಿದು ಯಮನೂರಪ್ಪನವರ ಮುಖ ನೋಡಿದ.

"ಯಜಮಾನ್ರ, ಇದಕ್ಕ ನೌಕರಿ ಹೋಗೇತಿ ಅಂತಾನ ಇಂವ. ಏಳು ಸಮುದ್ರದ ಆಚೆ ಯಾವನೋ ಡೋಲಿನಾಂವ. ನಿಮಗೂ ಅವಗೂ ಏನ್ ಸಂಬಂಧರಿ?"

"ಸಂಬಂಧ ಏನಿಲ್ಲರಿ," ಎಂದರು ಯಮನೂರಪ್ಪ. "ಬೀಗ ಹೊರಗಿಂದ ಹಾಕಿದ್ರು. ನಾ ಒಳಗಿದ್ದೆ."

ವಕೀಲ ಮೊಹರು ಒತ್ತಿದ. ಫೀಸು ತೆಗೆದುಕೊಳ್ಳಲಿಲ್ಲ. ಪಕ್ಕದ ಅಂಚೆ ಕಚೇರಿಯಲ್ಲಿ ರಿಜಿಸ್ಟರ್ ಮಾಡಿ ಕಳಿಸಿ, ಹೋಟೆಲಿನಲ್ಲಿ ಮಿರ್ಚಿ, ಮಂಡಕ್ಕಿ ತಿಂದು, ಕೆಲಸವಿಲ್ಲದ ಇಬ್ಬರು ಮಧ್ಯಾಹ್ನದ ಬಸ್ಸಿಗೆ ಗಂಗಾವತಿಗೆ ಮರಳಿದೆವು. ಇದನ್ನು ಬರೆಯುವ ಹೊತ್ತಿಗೆ ರೆನಾತೊನ ಕೇಸು ಇನ್ನೂ ನಡೆದಿದೆ. ಕೋರ್ಟಿಗೆ ಈ ಹಾಳೆಯೂ ಸಾಲದಿದ್ದರೆ ಇನ್ನೊಂದು ಕಳಿಸುತ್ತೇವೆ. ಅದರಲ್ಲಿಯೂ ಗೇಟಿಗೆ ಬೀಗ ಹಾಕಿತ್ತೆಂದೇ ಇರುತ್ತದೆ.