ಎರಡು ಸಲ ಬಂದ ಫದ್ಯಾ

ಹೋಟೆಲಿನ ಗೋಡೆಯ ಪರದೆ ಸರಿದಾಗ, ಮರುಭೂಮಿಯ ಹಾಳುನಗರ ಉಮ್ ರುಜೂಮ್ ಈ ಮೂಲೆಯಿಂದ ಆ ಮೂಲೆಯವರೆಗೆ ಮೈಚಾಚಿ ಮಲಗಿತ್ತು. ಛಾಯಾಚಿತ್ರದ ಎಡತುದಿಯಲ್ಲಿ, ಗುಹೆಯ ಬಾಗಿಲಲ್ಲಿ, ಚಹಾದ ಕೆಟಲ್ ಹಿಡಿದ ಮುದುಕಿ. ಬಲತುದಿಯ ಗುಹೆಯಲ್ಲೂ ಅದೇ ಮುದುಕಿ, ಅದೇ ಕೆಟಲ್. ನೆರೆದವರು ಗೊಳ್ಳೆಂದರು. ಚಿತ್ರ ತೆಗೆದ ಸುವೈಲಿಂ ತಲೆ ತಗ್ಗಿಸಿದ. ಮುದುಕಿ ಅವನ ತಾಯಿ ಫದ್ಯಾ.

ಅವನು ಹುಟ್ಟಿದ್ದೇ ಆ ಎಡಗುಹೆಯಲ್ಲಿ. ಎರಡು ಸಾವಿರ ವರ್ಷದ ಹಿಂದೆ ಯಾವನೋ ಸಿರಿವಂತನ ಹೆಣಕ್ಕೆಂದು ಕೊರೆದದ್ದು. ಫದ್ಯಾ ಅಲ್ಲಿ ಐದು ಹೆತ್ತಳು. ಬಲಗುಹೆಯಲ್ಲಿ ಆಡು ಕಟ್ಟಿದಳು. ಸರ್ಕಾರ ಕುಲದವರನ್ನೆಲ್ಲ ಗುಡ್ಡದ ಮೇಲಿನ ಸಿಮೆಂಟು ಮನೆಗಳಿಗೆ ಸಾಗಿಸಿದಾಗಲೂ ಅವಳು ಕದಲಲಿಲ್ಲ. ಕಾವಲುಗಾರರು ಅವಳ ಚಹಾ ಕುಡಿದು, ಅವಳನ್ನು ಕಂಡೂ ಕಾಣದಂತಿದ್ದರು.

ಸುವೈಲಿಂ ಮೊದಲು ಪ್ರವಾಸಿಗರ ಒಂಟೆ ಹಿಡಿದ. ಆಮೇಲೆ ಹಿಡಿದದ್ದು ಜರ್ಮನನೊಬ್ಬ ಬಿಟ್ಟುಹೋದ ಕ್ಯಾಮೆರಾ. ಅದೂ ಒಂಟೆಯಂತೆ ನಿಧಾನವಾಗಿ ಎಡದಿಂದ ಬಲಕ್ಕೆ ಕತ್ತು ತಿರುಗಿಸುತ್ತ ಉದ್ದದ ಚಿತ್ರ ಹೊಸೆಯುತ್ತಿತ್ತು.

"ಯಮ್ಮಾ, ಮುಗಿಯೋ ತನಕ ಒಳಗಿರು" ಎಂದು ಆ ಚಿತ್ರ ತೆಗೆದ ದಿನವೂ ಹೇಳಿದ್ದ.

"ಬೆಳಗಿಂದ ಖಾಲಿ ಹೊಟ್ಟೇಲಿ ನಿಂತಿದೀಯ, ಒಳಗೆ ಹೆಂಗಿರಲಿ?" ಎಂದು ಅವಳು ಕೆಟಲ್ ಹಿಡಿದು ಹೊರಬಂದಳು. ಸಕ್ಕರೆ ಬಲಗುಹೆಯಲ್ಲಿತ್ತು. ಮಗನ ಬೆನ್ನ ಹಿಂದಿನಿಂದ ಅಲ್ಲಿಗೆ ಹೋದಳು. ಕ್ಯಾಮೆರಾ ನಿಧಾನವಾಗಿ ಅಲ್ಲಿಗೂ ಬಂತು. ಸಣ್ಣ ಚಿತ್ರದಲ್ಲಿ ಅವು ಎರಡು ಚುಕ್ಕೆ. ಹೋಟೆಲಿನವರು ಗೋಡೆಯಗಲ ಹಿಗ್ಗಿಸಿದಾಗ ಚುಕ್ಕೆ ತಾಯಿಯಾಯಿತು.

ನಗು ನಿಂತ ಮೇಲೆ ಹಾಳುನಗರದ ಉಸ್ತುವಾರಿಯ ಅಧಿಕಾರಿ ಹತ್ತಿರ ಬಂದ. "ಏನಯ್ಯಾ, ಇನ್ನೂ ಎರಡು ಸಂಸಾರ ಒಳಗಿದಾವಾ?"

"ಎರಡಲ್ಲ ಉಸ್ತಾದ್, ಒಬ್ಬಳೇ. ನಮ್ಮಮ್ಮ."

"ಹಾಗಾದ್ರೆ ನಿನ್ನ ಚಿತ್ರ ಸುಳ್ಳಾ?"

ಚಿತ್ರ ಸುಳ್ಳೆಂದರೆ ಕಸುಬು ಹೋಗುತ್ತದೆ. ಸುವೈಲಿಂ ಬಾಯಿ ಮುಚ್ಚಿದ. ಅವನ ಬಾಯಿ ಮುಚ್ಚಿದ್ದಕ್ಕೆ ತಾಯಿಯ ಬಾಗಿಲೂ ಮುಚ್ಚಿತು. ಪ್ರವಾಸಿಗರಿಗೆ ಅಲ್ಲಿ ಪಾಳು ಬೇಕಿತ್ತು, ಬಾಳಲ್ಲ. ಗುಹೆ ಖಾಲಿ ಮಾಡಲು ಆಜ್ಞೆ ಎರಡು ಬಂದವು. ಮನೆ ಮಾತ್ರ ಒಂದು.

"ಇಬ್ಬರನ್ನ ಓಡಿಸಿ ಒಬ್ಬಳಿಗೆ ಜಾಗ ಕೊಟ್ರಲ್ಲೋ! ಇನ್ನೊಬ್ಬಳು ಎಲ್ಲಿಗೆ ಹೋಗಿ ಸಾಯ್ಬೇಕಂತೆ?" ಎಂದಳು ಫದ್ಯಾ. ಆಡುಗಳನ್ನು ಮಾರಿದಳು. ಗುಡ್ಡದ ಮನೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಳು. ಮಗ ನೋಡಲು ಹೋದಾಗಲೂ ಚಹಾ ಕೊಡಲು ಏಳುತ್ತಿರಲಿಲ್ಲ.

ಸುವೈಲಿಂ ಮತ್ತೆ ಹೋಗಿ ಚಿತ್ರ ತೆಗೆದ. ಈ ಸಲ ನರಪಿಳ್ಳೆಯಿಲ್ಲ. ಹೋಟೆಲಿಗೆ ಬಂದ ವಿದೇಶಿ ಹೆಂಗಸೊಬ್ಬಳು ಅದರ ಮುಂದೆ ಕೈಮುಗಿಯುವುದೊಂದು ಬಾಕಿ.

"ಎಂಥಾ ಮೌನ! ಇಂಥ ಗಳಿಗೆಗೆ ಎಷ್ಟು ಕಾಲ ಕಾದ್ರಿ?"

"ಕಾಯೋದೇನೂ ಇಲ್ಲ ಮೇಡಂ" ಎಂದ ಸುವೈಲಿಂ. "ಈಗ ಚಹಾ ತರೋರಿಲ್ಲ. ಕೆಲಸ ಬೇಗ ಮುಗಿಯುತ್ತೆ."